ಧಾರವಾಡದಲ್ಲಿ ಎರಡು ದಿನ: ಶನಿವಾರವನ್ನು ವಿಶ್ವವಿದ್ಯಾಲಯಕ್ಕೆ ಮೀಸಲಿಡಿ

ವಾರಾಂತ್ಯಕ್ಕೆ ಧಾರವಾಡಕ್ಕೆ ಬರುವವರು ಕರ್ನಾಟಕ ವಿಶ್ವವಿದ್ಯಾಲಯದ ಆವರಣವನ್ನು ಶನಿವಾರ ಬೆಳಿಗ್ಗೆಯೇ ನೋಡುವುದು ಒಳ್ಳೆಯದು. ಏಕೆಂದರೆ, 1939ರಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯ ಇರುವುದು ಇಲ್ಲಿಯೇ. ಅಲ್ಲಿನ ಶಾಸನಗಳನ್ನೂ ಶಿಲ್ಪಗಳನ್ನೂ ಅವಸರದಲ್ಲಿ ನೋಡಿದರೆ ಏನೂ ದಕ್ಕುವುದಿಲ್ಲವಾದ್ದರಿಂದ ಅರ್ಧ ದಿನವನ್ನಾದರೂ ಕೊಡಿ, ರಜೆ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಹುಬ್ಬಳ್ಳಿಯಲ್ಲಿ ಇಳಿದವರಿಗೆ ಅಲ್ಲಿಂದ ಧಾರವಾಡಕ್ಕೆ ಓಡುವ ಚಿಗರಿ (ಬಿಆರ್‌ಟಿಎಸ್ ತ್ವರಿತ ಸಾರಿಗೆ) ಬಸ್ಸು ಅನುಕೂಲಕರ.

ಸಂಜೆಯನ್ನು ಸಾಧನಕೇರಿಗೆ ಉಳಿಸಿಕೊಳ್ಳಿ. ಬೇಂದ್ರೆಯವರು ಬಾಳಿದ ಮನೆ, ಅವರ ಹೆಸರಿನ ಭವನ ಹಾಗೂ ಕೆರೆಯ ದಂಡೆ ಹತ್ತಿರ ಹತ್ತಿರವೇ ಇರುವುದರಿಂದ ನಿಧಾನವಾಗಿ ನಡೆದೇ ನೋಡಬಹುದು; ನನ್ನ ಮಟ್ಟಿಗೆ ಊರಿನ ಜೀವಾಳವೇ ಇದು.

ಭಾನುವಾರ, 1890ರಲ್ಲಿ ಆರಂಭವಾದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಉಪನ್ಯಾಸವೋ ಸಂಗೀತವೋ ಇದ್ದರೆ ತಪ್ಪದೆ ಕುಳಿತು ಕೇಳಿ. ಪೇಢೆಯನ್ನು ಲೈನ್ ಬಜಾರಿನಲ್ಲಿ ಹೊರಡುವ ದಿನವೇ ಕೊಳ್ಳಿ. ಮಳೆಗಾಲದಲ್ಲಿ ಜಿಟಿಜಿಟಿ ಮಳೆ ಬಿಡದೆ ಹಿಡಿಯುವುದುಂಟು, ಕೊಡೆ ಜೊತೆಗಿರಲಿ.