ಆನ್‌ಸೈಟ್‌ಗೆ ಹೂಂ ಅನ್ನುವ ಮೊದಲು ಎಲ್‌ಸಿಎ ಓದಿಕೊಳ್ಳಿ

ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕಿರುವ ನಮ್ಮ ಧಾರವಾಡ, ವಿಜಯಪುರ, ಕಲಬುರಗಿ ಕಡೆಯ ಹುಡುಗ ಹುಡುಗಿಯರಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ‘ಅಕ್ಕಾ, ಎಚ್-1ಬಿ ಫೈಲ್ ಮಾಡ್ತೀವಿ ಅಂತಾರ, ಹೂಂ ಅನ್ಲೇನು?’ ಕಂಪನಿ ಅರ್ಜಿ ಹಾಕಿ ಅಮೆರಿಕದಲ್ಲಿ ಕೆಲಸ ಮಾಡಲಿಕ್ಕೆ ಕೊಡಿಸುವ ವೀಸಾ ಈ ಎಚ್-1ಬಿ. ಹೊರದೇಶಕ್ಕೆ ಹೋಗುವವರ ಕಾಗದಪತ್ರ ನೋಡುವುದೇ ನನ್ನ ನೌಕರಿ. ಹಾಗಾಗಿ ನಾನು ತಿರುಗಿ ಕೇಳುವುದೂ ಒಂದೇ ಮಾತು: ‘ಎಲ್‌ಸಿಎ ಓದೀಯೇನು?’ ಆ ವೀಸಾಕ್ಕಾಗಿ ಕಂಪನಿ ಸಂಬಳದ ಬಗ್ಗೆ ಬರೆದುಕೊಡುವ ಕಾಗದ ಅದು. ಓದಿರುವುದಿಲ್ಲ. ಡಾಲರ್ ಸಂಬಳವನ್ನು ರೂಪಾಯಿಗೆ ಗುಣಿಸಿ ನೋಡಿರುತ್ತಾರೆ, ಅಷ್ಟೇ.

ಅಮೆರಿಕದಲ್ಲಿ ಈ ವೀಸಾದ ಮೇಲೆ ಎರಡು ಮಾತು ಕೇಳುತ್ತೀರಿ. ಇವರು ನಮ್ಮ ಕೆಲಸವನ್ನು ಅಗ್ಗಕ್ಕೆ ಕಸಿಯುತ್ತಾರೆ ಅನ್ನುವುದು ಒಂದು. ಇಂಥ ಕಸುಬುದಾರರು ನಮ್ಮಲ್ಲಿ ಸಿಗುವುದಿಲ್ಲ ಅನ್ನುವುದು ಇನ್ನೊಂದು. ನಾನು ನೋಡಿದ ಫೈಲುಗಳಲ್ಲಿ ಎರಡಕ್ಕೂ ಸಾಕ್ಷಿ ಇದೆ. ನೀವು ಯಾವ ಸಾಲಿಗೆ ಸೇರುತ್ತೀರಿ ಎನ್ನುವುದನ್ನು ಟಿವಿ ಚರ್ಚೆಗಿಂತ ನಿಮ್ಮ ಎಲ್‌ಸಿಎ ಚೆನ್ನಾಗಿ ಹೇಳುತ್ತದೆ.

ಎಲ್‌ಸಿಎ ಅಂದರೆ ಲೇಬರ್ ಕಂಡೀಷನ್ ಅಪ್ಲಿಕೇಷನ್. ಕಂಪನಿ ಅಮೆರಿಕದ ಕಾರ್ಮಿಕ ಇಲಾಖೆಗೆ ಬರೆದುಕೊಡುವ ಮುಚ್ಚಳಿಕೆ ಅದು. ಆ ಊರಿನಲ್ಲಿ ಆ ಕೆಲಸಕ್ಕೆ ನಡೆಯುವ ಸಂಬಳ, ತನ್ನಲ್ಲಿ ಅದೇ ಕೆಲಸ ಮಾಡುವ ಇತರರ ಸಂಬಳ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟನ್ನಾದರೂ ಕೊಡುತ್ತೇನೆ ಅಂತ ಅದರಲ್ಲಿ ಒಪ್ಪಿಕೊಂಡಿರುತ್ತದೆ. ಕೇಸ್ ನಂಬರು ‘ಐ-200’ ಅಂತ ಶುರುವಾಗುತ್ತದೆ. ನೀವು ಅಲ್ಲಿ ಕೆಲಸಕ್ಕೆ ಹಾಜರಾಗುವ ದಿನದೊಳಗೆ ನಿಮಗೊಂದು ಪ್ರತಿ ಕೊಡಲೇಬೇಕು. ಆ ದಿನದವರೆಗೆ ಕಾಯಬೇಡಿ. ಫೈಲ್ ಆದ ಕೂಡಲೇ ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ. ಕೊಡದಿದ್ದರೆ ಬೇರೆ ದಾರಿಯೂ ಇದೆ. ಕಾರ್ಮಿಕ ಇಲಾಖೆ ಎಲ್ಲ ಎಲ್‌ಸಿಎಗಳ ಮಾಹಿತಿಯನ್ನು ಮೂರು ತಿಂಗಳಿಗೊಮ್ಮೆ ಎಕ್ಸೆಲ್ ಫೈಲಾಗಿ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಅದರಲ್ಲಿ ನಿಮ್ಮ ಹೆಸರಿರುವುದಿಲ್ಲ. ಕಂಪನಿ, ಹುದ್ದೆ, ಊರು, ಸಂಬಳ ಇರುತ್ತವೆ. ನಿಮ್ಮ ಕಂಪನಿ ಹೋದ ವರ್ಷ ಅದೇ ಊರಿಗೆ ಎಷ್ಟು ಬರೆದಿತ್ತು ಅಂತ ಮನೆಯಲ್ಲೇ ಕೂತು ನೋಡಬಹುದು. ಫೈಲು ಭಾರಿ ದೊಡ್ಡದು, ಹಳೆ ಲ್ಯಾಪ್‌ಟಾಪ್ ಆದರೆ ನಿಂತುಬಿಡುತ್ತದೆ.

ಕಾಗದ ಸಿಕ್ಕಿತಾ? ಸಂಬಳದ ಅಂಕಿಯನ್ನು ಬಿಟ್ಟು ಮೊದಲು ವೇಜ್ ಲೆವೆಲ್ ಹುಡುಕಿ. ಒಂದರಿಂದ ನಾಲ್ಕರವರೆಗೆ ಇರುತ್ತದೆ. ಒಂದು ಹೊಸಬರದು, ನಾಲ್ಕು ಪೂರ್ತಿ ಪಳಗಿದವರದು. ಜಗಳದ ಗಂಟು ಇರುವುದು ಇಲ್ಲೇ. 2005ರಿಂದ ನಡೆದುಬಂದ ಲೆಕ್ಕದಲ್ಲಿ ಮೂರನೇ ಲೆವೆಲ್ ಸರಿಸುಮಾರು ಆ ಊರಿನ ನಡುಸಂಬಳಕ್ಕೆ ಸಮ. ಒಂದನೆಯದು ಸುಮಾರು 17ನೇ ಶೇಕಡಾಂಕ (ನೂರರಲ್ಲಿ 17 ಜನರಷ್ಟೇ ಅದಕ್ಕಿಂತ ಕಡಿಮೆ ಪಡೆಯುವ ಸಂಬಳ), ಎರಡನೆಯದು 34ನೆಯದು. ಅಂದರೆ ಊರಿನಲ್ಲಿ ಅದೇ ಕೆಲಸ ಮಾಡುವ ಅರ್ಧಕ್ಕೂ ಹೆಚ್ಚು ಜನ ಪಡೆಯುವುದಕ್ಕಿಂತ ಕಡಿಮೆ ಕೊಟ್ಟೂ ‘ನಡೆಯುವ ಸಂಬಳ’ ಕೊಟ್ಟೆ ಅನ್ನಬಹುದು, ಕಾನೂನು ಒಪ್ಪುತ್ತದೆ. 2019ರಲ್ಲಿ ಮಂಜೂರಾದ ಹುದ್ದೆಗಳಲ್ಲಿ ಶೇ. 60ರಷ್ಟು ಈ ಕೆಳಗಿನ ಎರಡು ಲೆವೆಲ್‌ಗಳವೇ ಎಂದು ವಾಷಿಂಗ್ಟನ್‌ನ ಎಕನಾಮಿಕ್ ಪಾಲಿಸಿ ಇನ್‌ಸ್ಟಿಟ್ಯೂಟ್ 2020ರಲ್ಲಿ ಲೆಕ್ಕ ಹಾಕಿ ತೋರಿಸಿತು. ವಿರೋಧಿಸುವವರ ಸಿಟ್ಟೆಲ್ಲ ಜನಾಂಗದ್ವೇಷ ಅಂತ ತಳ್ಳಿಹಾಕುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ದ್ವೇಷವೂ ಇದೆ, ಇಲ್ಲವೆನ್ನುವುದಿಲ್ಲ.

ನಿಮಗೆ ಎಂಟು ವರ್ಷದ ಅನುಭವವಿದ್ದು ಲೆವೆಲ್ ಒಂದು ಅಂತ ಬರೆದಿದ್ದರೆ? ತಕ್ಷಣ ಕಳ್ಳತನ ಅನ್ನಬೇಡಿ. ಲೆವೆಲ್ ನಿಮ್ಮ ಅನುಭವದ ಮೇಲಲ್ಲ, ಆ ಹುದ್ದೆ ಬೇಡುವ ಅನುಭವದ ಮೇಲೆ ನಿಲ್ಲುತ್ತದೆ. ಆದರೆ ಇಲ್ಲಿ ಹತ್ತು ಜನರ ತಂಡ ನಡೆಸುತ್ತಿರುವವರನ್ನು ಅಲ್ಲಿಯೂ ತಂಡ ನಡೆಸಲಿಕ್ಕೇ ಕಳಿಸಿ, ಕಾಗದದಲ್ಲಿ ಮಾತ್ರ ಹೊಸಬರ ಹುದ್ದೆ ಅಂತ ಬರೆದಿದ್ದರೆ ಬರಹದಲ್ಲಿ ವಿವರಣೆ ಕೇಳಿ. ಹುದ್ದೆಯ ಕೋಡನ್ನೂ ನೋಡಿ: 15-1252 ಅಂದರೆ ಸಾಫ್ಟ್‌ವೇರ್ ಡೆವಲಪರ್, 15-1211 ಅಂದರೆ ಸಿಸ್ಟಮ್ಸ್ ಅನಲಿಸ್ಟ್. ಎರಡರ ಸಂಬಳ ಬೇರೆ.

ಲೆವೆಲ್ ಈಗ ಲಾಟರಿಗೂ ಗಂಟುಬಿದ್ದಿದೆ. ಕೇಳುವವರು ಮಿತಿ ಮೀರಿದಾಗ ಯಾರಿಗೆ ಅವಕಾಶ ಅಂತ ಎತ್ತುವ ಚೀಟಿ ಅದು. ಹೊಸ ವೀಸಾಗಳಿಗೆ ವರ್ಷದ ಮಿತಿ 65,000. ಅಮೆರಿಕದಲ್ಲೇ ಮಾಸ್ಟರ್ಸ್ ಓದಿದವರಿಗೆ ಇನ್ನೂ 20,000. ಮೊದಲೆಲ್ಲ ಚೀಟಿ ಎತ್ತುವುದರಲ್ಲಿ ಎಲ್ಲರೂ ಸಮ ಇದ್ದರು. 2026ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ನಿಯಮದಂತೆ ನಾಲ್ಕನೇ ಲೆವೆಲ್‌ನವರ ಹೆಸರು ನಾಲ್ಕು ಸಲ, ಒಂದನೆಯವರದು ಒಂದೇ ಸಲ ಪಟ್ಟಿಗೆ ಸೇರುತ್ತದೆ. ಹಾಗಾಗಿ ಲೆವೆಲ್ ಎಷ್ಟು ಹಾಕುತ್ತೀರಿ ಅಂತ ಮಾರ್ಚ್‌ನ ನೋಂದಣಿಗೆ ಮೊದಲೇ ಕೇಳಿ.

ಮುಂದಿನದು ಜಾಗ. ಕೆಲಸದ ವಿಳಾಸ, ಕ್ಲೈಂಟ್ ಹೆಸರು ಎರಡೂ ಇರಬೇಕು. ಡಲ್ಲಾಸ್‌ನಲ್ಲಿ ಮೂರನೇ ಲೆವೆಲ್ ಆಗುವ ಸಂಬಳ ಸ್ಯಾನ್ ಹೋಸೆಯಲ್ಲಿ ಒಂದಕ್ಕೂ ಸಾಲದೇ ಹೋಗಬಹುದು. ಹೋದಮೇಲೆ ದೂರದ ಬೇರೆ ಊರಿಗೆ ಕಳಿಸಿದರೆ ಕಂಪನಿ ಹೊಸ ಎಲ್‌ಸಿಎ ಜೊತೆ ತಿದ್ದುಪಡಿ ಅರ್ಜಿ ಹಾಕಬೇಕು. ಹಾಕದಿದ್ದರೆ ಕಷ್ಟಕ್ಕೆ ಸಿಗುವವರು ನೀವು.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಅರ್ಜಿಯ ವಕೀಲರ ಫೀ ನಿಮ್ಮಿಂದ ವಸೂಲಿ ಮಾಡುವಂತಿಲ್ಲ. ಪ್ರಾಜೆಕ್ಟ್ ಇಲ್ಲದೆ ಅಲ್ಲಿ ಬೆಂಚ್ ಮೇಲೆ ಕೂರಿಸಿದರೂ ಸಂಬಳ ಕೊಡಬೇಕು. ಬಾಂಡ್‌ನಲ್ಲಿ ‘ನಡುವೆ ಬಿಟ್ಟರೆ ದಂಡ’ ಅಂತಿದ್ದರೆ ಅದು ನಿಲ್ಲುವುದಿಲ್ಲ. ನಿಜವಾದ ನಷ್ಟಪರಿಹಾರವಾದರೆ ಆಯಾ ರಾಜ್ಯದ ಕಾನೂನಿನಂತೆ ನಿಲ್ಲಬಹುದು. ಆ ಪುಟ ಮಾತ್ರ ವಕೀಲರಿಗೆ ತೋರಿಸಿ. ಸಂಬಳದಿಂದ ಸೋಷಿಯಲ್ ಸೆಕ್ಯುರಿಟಿಗೆ ಶೇ. 6.2 ಹೋಗುತ್ತದೆ. ಅದರ ಪಿಂಚಣಿಗೆ ಸುಮಾರು ಹತ್ತು ವರ್ಷದ ದುಡಿಮೆ ಬೇಕು, ವೀಸಾದ ಸಾಮಾನ್ಯ ಮಿತಿ ಆರು ವರ್ಷ, ಇದನ್ನು ಸರಿದೂಗಿಸುವ ಒಪ್ಪಂದ ಭಾರತ ಮತ್ತು ಅಮೆರಿಕದ ನಡುವೆ ಇಲ್ಲ. ನಮ್ಮವರು ಅಲ್ಲಿಯ ಖಜಾನೆಗೆ ಬಿಟ್ಟುಬರುವ ಈ ಹಣದ ಮಾತು ಚರ್ಚೆಯಲ್ಲಿ ಯಾಕೋ ಮೇಲೇಳುವುದೇ ಇಲ್ಲ.

ಇನ್ನು 1,00,000 ಡಾಲರ್. 2025ರ ಸೆಪ್ಟೆಂಬರ್ 21ರ ನಂತರ, ಅಮೆರಿಕದ ಹೊರಗಿರುವವರಿಗಾಗಿ ಹಾಕುವ ಹೊಸ ಅರ್ಜಿಗಳಿಗೆ ಟ್ರಂಪ್ ಹೇರಿದ ಮೊತ್ತ ಅದು. ಘೋಷಣೆಯಲ್ಲಿ ಹೇಳಿದ ಅವಧಿ 12 ತಿಂಗಳು, ಈಗ ಜಾರಿಯಲ್ಲಿದೆಯೇ ಅಂತ ನೋಡಿಕೊಳ್ಳಿ. ಅಲ್ಲೇ ಓದು ಮುಗಿಸಿ ಎಚ್-1ಬಿಗೆ ಬದಲಾಗುವವರಿಗೆ ಸಾಮಾನ್ಯವಾಗಿ ತಗುಲುವುದಿಲ್ಲ. ಹಿಂಜವಡಿಯಿಂದ ನೇರವಾಗಿ ಹೋಗುವವರಿಗೆ ತಗುಲುತ್ತದೆ. ‘ಅರ್ಧ ನೀನು ಹಾಕು’ ಅನ್ನುವ ಏಜೆಂಟ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಸ್ಟ್ಯಾಂಪಿಂಗ್‌ಗೆ (ಪಾಸ್‌ಪೋರ್ಟಿಗೆ ವೀಸಾ ಹಚ್ಚಿಸಿಕೊಳ್ಳುವ ಸಂದರ್ಶನಕ್ಕೆ) ಪುಣೆಯವರು ಸಾಮಾನ್ಯವಾಗಿ ಮುಂಬೈನ ಬಿಕೆಸಿಯಲ್ಲಿರುವ ಅಮೆರಿಕದ ಕಾನ್ಸುಲೇಟಿಗೆ ಹೋಗುತ್ತಾರೆ. ಮಾಟುಂಗಾ, ಸಾಯನ್ ಕಡೆ ನೆಂಟರಿದ್ದರೆ ಹಿಂದಿನ ರಾತ್ರಿಯೇ ಹೋಗಿ ಉಳಿಯಿರಿ, ಬೆಳಗಿನ ಎಕ್ಸ್‌ಪ್ರೆಸ್‌ವೇ ನಂಬಬೇಡಿ. ಮೊಬೈಲ್, ಬ್ಯಾಗ್ ಒಳಗೆ ಬಿಡುವುದಿಲ್ಲ. 2025ರ ಡಿಸೆಂಬರ್ 15ರಿಂದ ಎಚ್-1ಬಿಯವರೂ ಅವರ ಮನೆಯವರೂ ಸೋಷಿಯಲ್ ಮೀಡಿಯಾ ಖಾತೆಗಳನ್ನು ಪಬ್ಲಿಕ್ ಇಡಬೇಕು. ಮಂಜೂರಾತಿಯ ಐ-797, ಎಲ್‌ಸಿಎ, ಕ್ಲೈಂಟ್ ಪತ್ರ ಕೈಯಲ್ಲಿರಲಿ. ಗೆಳೆಯರ ವಾಟ್ಸಾಪ್‌ನ ಉತ್ತರ ಬಾಯಿಪಾಠ ಮಾಡಬೇಡಿ. ಕಾಗದದಲ್ಲಿ ಹೊಸಬರ ಹುದ್ದೆ ಇದ್ದು, ಕಿಟಕಿಯಲ್ಲಿ ‘ನಾನು ಇಡೀ ತಂಡದ ಲೀಡ್’ ಅಂದರೆ ಎದುರಿಗೆ ಕೂತವರಿಗೆ ಅನುಮಾನ ಬಂದೇ ಬರುತ್ತದೆ.

ಇಲ್ಲಿಯ ಮ್ಯಾನೇಜರ್‌ಗೆ ಇನ್ನೊಂದು ಪ್ರಶ್ನೆ ಕೇಳಿ. ಇದು ಹೊಸ ಹುದ್ದೆಯೋ, ಯಾರದೋ ಜಾಗವೋ? ಕೆಟಿ ಕೊಡುವವರು, ಅಂದರೆ ನಿಮಗೆ ಕೆಲಸ ಕಲಿಸಿ ಒಪ್ಪಿಸುವವರು, ಎಲ್ಲಿಗೆ ಹೋಗುತ್ತಾರೆ? 2015ರಲ್ಲಿ ಆರ್ಲ್ಯಾಂಡೊದ ಡಿಸ್ನಿಯಲ್ಲಿ ನೌಕರಿ ಕಳೆದುಕೊಂಡವರು ತಮ್ಮ ಜಾಗಕ್ಕೆ ಬಂದವರಿಗೆ ತಾವೇ ಕೆಲಸ ಕಲಿಸಿ ಹೋಗಬೇಕಾಯಿತು. ಎಚ್-1ಬಿಯವರೇ ಹೆಚ್ಚಿರುವ ಕಂಪನಿಗಳು ಸ್ಥಳೀಯರನ್ನು ತೆಗೆದು ತುಂಬಬಾರದು ಅಂತ ನಿಯಮವೇನೋ ಇದೆ, ಆದರೆ ವರ್ಷಕ್ಕೆ 60,000 ಡಾಲರ್ ಕೊಟ್ಟರೆ ವಿನಾಯಿತಿ. 1998ರಲ್ಲಿ ಇಟ್ಟ ಅಂಕಿ, ಇವತ್ತಿಗೂ ಅಷ್ಟೇ. ಕೆಟಿ ಕೊಡುವವರು ಮುಖ ಗಂಟಿಕ್ಕಿಕೊಂಡಿದ್ದರೆ ಅದನ್ನು ನಿಮ್ಮ ಮೈಬಣ್ಣಕ್ಕೇ ಕಟ್ಟುವ ಮೊದಲು ಇದನ್ನು ನೆನೆಯಿರಿ.

ನಮಗಂತೂ ಇದು ಹೊಸದಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದಾಗ ಮುಂಬೈಯಲ್ಲಿದ್ದ ದಕ್ಷಿಣ ಭಾರತದ ಗುಮಾಸ್ತರು, ಉಡುಪಿ ಹೋಟೆಲಿನವರು ಕೇಳಿಸಿಕೊಂಡದ್ದು ‘ನಮ್ಮ ಕೆಲಸ ಕಸಿಯುತ್ತಾರೆ’ ಅನ್ನುವ ಇದೇ ಮಾತು. ಮಾಟುಂಗಾದಲ್ಲಿದ್ದ ನನ್ನ ಸೋದರಮಾವ ಆಗ ಆಫೀಸಿಗೆ ಹೋಗುವಾಗ ದಾರಿಯಲ್ಲಿ ಕನ್ನಡ ಆಡುತ್ತಿರಲಿಲ್ಲವಂತೆ. 2024ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಮಸೂದೆ ತಂದು ಎರಡೇ ದಿನದಲ್ಲಿ ತಡೆಹಿಡಿಯಿತು. ಆ ಮಸೂದೆಗೆ ಚಪ್ಪಾಳೆ ಹೊಡೆದವರೇ ಎಚ್-1ಬಿ ಬಿಗಿಯಾದಾಗ ಅಮೆರಿಕಕ್ಕೆ ನ್ಯಾಯ ಗೊತ್ತಿಲ್ಲ ಅಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಹೋದಮೇಲೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನ ಸಿಗುತ್ತದೆ, ಅಷ್ಟರಲ್ಲಿ ಬೇರೆ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ಹೊರಡಬೇಕು. ಅವಧಿಗೆ ಮೊದಲೇ ಕಂಪನಿ ತೆಗೆದುಹಾಕಿದರೆ ವಾಪಸ್ ಬರುವ ಪ್ರಯಾಣದ ಖರ್ಚು ಅದರದೇ. ಎಲ್‌ಸಿಎಯಲ್ಲಿ ಬರೆದದ್ದಕ್ಕಿಂತ ಕಡಿಮೆ ಸಂಬಳ ಬಂದಿದ್ದರೆ ಕಾರ್ಮಿಕ ಇಲಾಖೆಯ ಡಬ್ಲ್ಯುಎಚ್-4 ಫಾರಂ ತುಂಬಿ 12 ತಿಂಗಳೊಳಗೆ ದೂರು ಕೊಡಬಹುದು. ಪೇ ಸ್ಲಿಪ್‌ಗಳನ್ನೂ ಎಲ್‌ಸಿಎಯನ್ನೂ ಸ್ವಂತ ಮೇಲ್‌ನಲ್ಲಿ ಇಟ್ಟುಕೊಂಡಿರಿ. ಕೆಲಸ ಹೋದ ದಿನವೇ ಕಂಪನಿಯ ಲಾಗಿನ್ ಹೋಗುತ್ತದೆ.