ದಾವಣಗೆರೆಯಲ್ಲಿ ಎಎ ಮೀಟಿಂಗ್ ಹುಡ್ಕಂಡು ಹೋಗಿದ್ದು: ನನ್ನ ಅನುಭವ

ಕುಡಿಯೋದು ಬಿಟ್ಟ ಮೇಲೆ ಜನ ನನ್ನ ಕೇಳೋದು ಎರಡೇ, ಯಾವ ಮಾತ್ರೆ ತಗಂಡ್ರಿ, ಯಾವ ದೇವರಿಗೆ ಹರಕೆ ಹೊತ್ರಿ ಅಂತ. ಮಾತ್ರೆನೂ ತಗಂಡೆ, ದೇವರಿಗೂ ಕೈ ಮುಗಿದೆ, ಆದ್ರೆ ಇವತ್ತಿನವರೆಗೂ ನನ್ನ ಹಿಡಿದಿಟ್ಟಿರೋದು ವಾರ ವಾರ ಹೋಗಿ ಕುಂತ್ಕಳೋ ಆ ಮೀಟಿಂಗು, ಕುಡಿತ ಬಿಡಬೇಕು ಅನ್ನೋರೇ ಸೇರಿ ಒಬ್ಬರಿಗೊಬ್ಬರು ಆಸರೆಯಾಗೋ ಆಲ್ಕೋಹಾಲಿಕ್ಸ್ ಅನಾನಿಮಸ್ ಗುಂಪಿಂದು, ಎಲ್ಲರ ಬಾಯಲ್ಲಿ ಎಎ.

ನಾನು ಎಪಿಎಂಸಿಯಲ್ಲಿ ದಲಾಲಿ ಅಂಗಡಿ ಲೆಕ್ಕ ಬರೆಯೋನು. ಕೊನೆಕೊನೆಗೆ ಬೆಳಗ್ಗೆ ಒಂದು ಕ್ವಾರ್ಟರ್ ಒಳಗೆ ಹೋಗದೆ ಕೈ ನಡುಕ ನಿಲ್ತಿರ್ಲಿಲ್ಲ. ಈ ಸ್ಥಿತಿಯಲ್ಲಿ ಇರೋರಿಗೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಮೀಟಿಂಗಿಗಿಂತ ಮುಂಚೆ ಡಾಕ್ಟರ್ ಹತ್ರ ಹೋಗಿ. ದಿನಾ ಜಾಸ್ತಿ ಕುಡಿಯೋರು ಮನೇಲಿ ಒಂದೇ ಸಲಕ್ಕೆ ನಿಲ್ಲಿಸಿದ್ರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲಾ ಕಣ್ಣಿಗೆ ಕಾಣಿಸಿ ಬಡಬಡಿಸೋ ಹಂಗಾಗಬಹುದು, ಪ್ರಾಣನೇ ಹೋಗಬಹುದು. ನಾನು ಮಾನಸಿಕ ರೋಗದ ಡಾಕ್ಟರ್‌ಗೆ ತೋರ್ಸಿ, ಅಡ್ಮಿಟ್ ಆಗಿ, ಇಂಜೆಕ್ಷನ್, ಬಿ1 ವಿಟಮಿನ್ ಎಲ್ಲಾ ತಗಂಡೇ ಬಿಟ್ಟಿದ್ದು. ಡಿಸ್ಚಾರ್ಜ್ ಮಾಡೋವಾಗ ಅವರೇ ಹೇಳಿದ್ರು, ದೇಹದಿಂದ ಹೆಂಡ ಇಳಿಸಿದೀವಿ, ಇನ್ನು ತಲೆಯಿಂದ ಇಳಿಸೋಕೆ ನಿಮ್ಮಂಥೋರ ಜೊತೆ ಕುಂತ್ಕಳಿ ಅಂತ, ಒಂದು ಎಎ ನಂಬರೂ ಬರೆದು ಕೊಟ್ರು.

ನಂಬರ್ ಸಿಗದಿದ್ರೆ 14446ಕ್ಕೆ ಫೋನ್ ಮಾಡಿ, ಸರ್ಕಾರದ್ದು, ದುಡ್ಡು ಬೀಳಲ್ಲ, ಚಟ ಬಿಡಿಸೋದಕ್ಕೇ ಇರೋದು. ಎಎ ಇಂಡಿಯಾ ವೆಬ್‌ಸೈಟಲ್ಲೂ ಊರುವಾರು ಹುಡುಕಬಹುದು. ಆದ್ರೆ ಹೊರಡೋ ಮುಂಚೆ ಒಂದು ಫೋನ್ ಮಾಡೇ ಹೋಗಿ, ಯಾಕಂದ್ರೆ ಇವು ಸ್ವಂತ ಬಿಲ್ಡಿಂಗಲ್ಲಿ ನಡಿಯಲ್ಲ, ಯಾವುದೋ ಸ್ಕೂಲ್ ರೂಮು, ಚರ್ಚ್ ಹಾಲು ಹಿಂಗೆ, ಜಾಗ ಟೈಮು ಬದಲಾಗ್ತಿರ್ತವೆ.

ನಂಗಿದ್ದ ಭಯ ಒಂದೇ, ಯಾರಾದ್ರೂ ನೋಡಿದ್ರೆ? ದಾವಣಗೆರೆ ಎಷ್ಟು ಬೆಳೆದ್ರೂ ಮಂಡಿಪೇಟೆಯಲ್ಲಿ ಕೆಮ್ಮಿದ್ರೆ ವಿದ್ಯಾನಗರಕ್ಕೆ ಕೇಳ್ಸುತ್ತೆ, ಅದರಲ್ಲೂ ಮನೇಲಿ ಮಗಳ ಮದುವೆ ಮಾತು ನಡೀತಿತ್ತು. ಮೊದಲನೇ ಸಲ ಒಳಗೆ ಕಾಲಿಟ್ರೆ ಎದುರಿಗೇ ನಮ್ಮಂಗಡಿಗೆ ಮೆಕ್ಕೆಜೋಳ ಹಾಕೋ ರೈತರೊಬ್ಬರು! ಎದೆ ಧಸಕ್ ಅಂತು. ಅವರು ಪಕ್ಕದ ಕುರ್ಚಿ ಎಳೆದು "ಬಾರಪ್ಪ, ಕುಂತ್ಕ" ಅಂದ್ರು ಅಷ್ಟೇ. ಮುಂದೆ ಮಾರ್ಕೆಟಲ್ಲಿ ಸಿಕ್ಕಾಗ ಕ್ವಿಂಟಾಲ್ ರೇಟ್ ಬಿಟ್ಟು ಬೇರೆ ಮಾತೇ ಎತ್ಲಿಲ್ಲ, ಇವತ್ತಿಗೂ ಎತ್ತಿಲ್ಲ. ನನ್ನ ಅಲ್ಲಿ ನೋಡಿದೋರು ಅವರೂ ಅದಕ್ಕೇ ಬಂದಿರೋರು ಅಲ್ವಾ, ಇದು ನಂಗೆ ಮುಂಚೆ ಹೊಳೆದೇ ಇರ್ಲಿಲ್ಲ.

ಒಳಗೆ ಏನಾಗುತ್ತೆ ಅಂತ ತುಂಬ ಜನಕ್ಕೆ ಕುತೂಹಲ. ಭಾಷಣ ಇಲ್ಲ, ಬೈಗುಳ ಇಲ್ಲ, ರಿಜಿಸ್ಟರ್‌ನಲ್ಲಿ ಸಹಿ ಇಲ್ಲ, ಫೀಸಿಲ್ಲ. ಕುಡಿಯೋದು ನಿಲ್ಲಿಸಬೇಕು ಅನ್ನೋ ಆಸೆ ಒಂದಿದ್ರೆ ನೀವು ಮೆಂಬರ್. ಒಬ್ಬೊಬ್ಬರೇ ಹೆಸರು ಹೇಳಿ, ನಾನೊಬ್ಬ ಮದ್ಯವ್ಯಸನಿ ಅಂತ ಶುರು ಮಾಡಿ ತಮ್ಮ ಕಥೆ ಹೇಳ್ತಾರೆ, ಮಧ್ಯೆ ಯಾರೂ ಬಾಯಿ ಹಾಕಲ್ಲ, ಬುದ್ಧಿ ಹೇಳಲ್ಲ. ಮಾತಾಡೋಕೆ ಇಷ್ಟ ಇಲ್ದಿದ್ರೆ ಸುಮ್ನೆ ಕೇಳಬಹುದು, ನಾನು ಬಹಳ ವಾರ ಹಂಗೇ ಕೇಳ್ಕಂಡು ಕುಂತಿದ್ದೆ. ಕೊನೆಗೆ ಒಂದು ಚೀಲ ಬರುತ್ತೆ, ಟೀ ಖರ್ಚು ಬಾಡಿಗೆಗೆ ಕೈಲಾದಷ್ಟು ಹಾಕೋದು, ಹೊರಗಿನವರ ದೇಣಿಗೆ ಅವರು ಮುಟ್ಟಲ್ಲ.

1935ರಲ್ಲಿ ಅಮೆರಿಕದ ಏಕ್ರಾನ್ ಅನ್ನೋ ಊರಲ್ಲಿ ಒಬ್ಬ ಷೇರು ವ್ಯವಹಾರದೋನು ಒಬ್ಬ ಡಾಕ್ಟರು, ಇಬ್ಬರೂ ಕುಡುಕರೇ, ಕುಂತು ಮಾತಾಡಿ ಶುರು ಮಾಡಿದ್ದಂತೆ ಇದು. ಕುಡಿತದಿಂದ ಹೊರಗೆ ಬರೋಕೆ ಎಎ ಹೇಳೋ 12 ಮೆಟ್ಟಿಲಲ್ಲಿ ದೇವರ ಮಾತು ಬರುತ್ತೆ, ಆದ್ರೆ ಅವರವರು ತಿಳ್ಕಂಡಂಥ ದೇವರು. ನಮ್ಮ ಗುಂಪಲ್ಲಿ ಇಷ್ಟಲಿಂಗ ಕಟ್ಟಿದೋರು ಇದಾರೆ, ನಮಾಜ್ ಮುಗಿಸಿ ಬರೋರು ಇದಾರೆ, ದೇವರೇ ಬೇಡ ಅನ್ನೋರೂ ಇದಾರೆ.

ಎಎ ಒಂದೇ ದಾರಿ ಅಂತ ನಾನು ಹೇಳಲ್ಲ. ನಮ್ಮ ಯಾರ್ಡಿನ ಹಮಾಲರೊಬ್ಬರು, ಜಗಳೂರು ಕಡೆಯೋರು, ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರದಲ್ಲಿ ಬಿಟ್ಟೋರು, ಈಗ ಅಲ್ಲಿ ಬಿಟ್ಟೋರೆಲ್ಲಾ ಸೇರೋ ನವಜೀವನ ಸಮಿತಿ ಸಭೆ ತಪ್ಪಿಸಲ್ಲ. ಹಳ್ಳಿಯೋರಿಗೆ ಅದೇ ಹತ್ತಿರ. ಶಿಬಿರ ಮುಗಿದ ಮೇಲೆ ಸಭೆ ಬಿಟ್ಟೋರು ತಿರುಗಾ ಅಂಗಡಿ ಮುಂದೆ ನಿಂತಿದ್ದನ್ನೂ ನೋಡಿದೀನಿ, ಹೊಟ್ಟೆ ಉರಿಯುತ್ತೆ. ನಮ್ಮ ಕಡೆ ಹೆಂಗಸರಿಗೆ ಇಂಥ ಕಡೆ ಬರೋದು ಇನ್ನೂ ಕಷ್ಟ, ಅವರು ಆನ್‌ಲೈನ್ ಮೀಟಿಂಗ್ ವಿಚಾರಿಸಲಿ, ಮೊಬೈಲಲ್ಲೇ ಸೇರಬಹುದು. ಕುಡಿಯೋರ ಮನೆಯೋರಿಗೆ ಅಲ್-ಅನಾನ್ ಅಂತ ಬೇರೇನೇ ಇದೆ, ನನ್ನ ಹೆಂಡತಿ ಅದನ್ನ ಫೋನಲ್ಲಿ ಕೇಳೋಕೆ ಶುರು ಮಾಡಿದ ಮೇಲೆ ನನ್ನ ಜೇಬು ತಡಕೋದು ಬಿಟ್ಲು, ಅವಳಿಗೂ ನಿದ್ದೆ ಬರೋಕೆ ಹತ್ತಿತು.

ಒಂದು ಮೀಟಿಂಗ್ ಹಿಡಿಸಲಿಲ್ಲ ಅಂದ್ರೆ ಇನ್ನೊಂದು ನೋಡಿ, ಹರಿಹರ ಚಿತ್ರದುರ್ಗದ ಕಡೆ ಏನಿದೆ ಅಂತ ಅವರನ್ನೇ ಕೇಳಿ. ಬರೋವಾಗ ಒಂದಿಬ್ಬರ ನಂಬರ್ ಇಸ್ಕಳಿ, ಸಂಜೆ ಆರರ ಮೇಲೆ ಕಾಲು ಆ ಕಡೆ ಎಳೆದಾಗ ಮೊದಲ ಗ್ಲಾಸಿಗಿಂತ ಮುಂಚೆ ಮಾಡಬೇಕು ಆ ಫೋನು, ಆಮೇಲೆ ಮಾಡಿದ್ರೆ ನಾಲಿಗೆ ನಮ್ಮ ಮಾತು ಕೇಳಲ್ಲ. ಇನ್ನು ಮೊದಲ ಸಲ ಒಬ್ಬರೇ ಹೋಗೋಕೆ ಮುಜುಗರ ಆದ್ರೆ ಫೋನಲ್ಲೇ ಹೇಳ್ಬಿಡಿ, ನಮ್ಮಲ್ಲಿ ಯಾರಾದ್ರೂ ಬಸ್‌ಸ್ಟ್ಯಾಂಡ್ ಹತ್ರ ಬಂದು ಕರ್ಕಂಡು ಹೋಗ್ತಾರೆ.