ಈ ಯಂತ್ರದಲ್ಲಿರೋದು ಯಾವ ಡಿಸ್ಟ್ರೋ? ಪೈಥಾನ್‌ನಿಂದಲೇ ಪತ್ತೆ ಹಚ್ಚಿದ್ದು

ಕಲಬುರಗಿಯ ಕಾಲೇಜೊಂದರ ಲ್ಯಾಬಿನ ಕಂಪ್ಯೂಟರ್‌ಗಳಿಗೆಲ್ಲ ಲೋಹಿತ್ ಕನ್ನಡ ಫಾಂಟ್ ಹಾಕಲು ಒಂದು ಪೈಥಾನ್ ಸ್ಕ್ರಿಪ್ಟ್ ಬೇಕಿತ್ತು. ಫಾಂಟ್ ಒಂದೇ, ಆದರೆ ಡಿಸ್ಟ್ರೋ (ಲಿನಕ್ಸ್‌ನ ಬಗೆ) ಬದಲಾದಂತೆ ಪ್ಯಾಕೇಜಿನ ಹೆಸರು ಬೇರೆ ಬೇರೆ: ಡೆಬಿಯನ್ ಬಳಗದಲ್ಲಿ ‘ಫಾಂಟ್ಸ್-ಲೋಹಿತ್-ಕೆಎನ್‌ಡಿಎ’, ಫೆಡೋರಾ ಬಳಗದಲ್ಲಿ ‘ಲೋಹಿತ್-ಕನ್ನಡ-ಫಾಂಟ್ಸ್’. “ಎಲ್ಲಾ ಉಬುಂಟುನೇ ಅದಾವ್ರಿ ಸರ್” ಅಂದಿದ್ದರು ಲ್ಯಾಬ್ ಸಹಾಯಕರು. ಇದ್ದದ್ದು ಡೆಬಿಯನ್ ಬಳಗದ ಉಬುಂಟು 20.04 ಮತ್ತು ಮಿಂಟ್, ಜೊತೆಗೆ ಫೆಡೋರಾ ಬಳಗದ ಎರಡು ರಾಕಿ.

ಡಿಸ್ಟ್ರೋ ಪತ್ತೆಗೆ ಅಂತರ್ಜಾಲದ ಹಳೆಯ ಉತ್ತರಗಳಲ್ಲೆಲ್ಲ ಸಿಗುವ ಫಂಕ್ಷನ್ ‘ಪ್ಲಾಟ್‌ಫಾರ್ಮ್.ಲಿನಕ್ಸ್_ಡಿಸ್ಟ್ರಿಬ್ಯೂಷನ್’ ಪೈಥಾನ್ 3.8ರಲ್ಲೇ ಹೋಯಿತು. ಅದರ ಜಾಗಕ್ಕೆ ‘ಪ್ಲಾಟ್‌ಫಾರ್ಮ್.ಫ್ರೀಡೆಸ್ಕ್‌ಟಾಪ್_ಓಎಸ್_ರಿಲೀಸ್’ ಬಂದದ್ದು 3.10ರಲ್ಲಿ. ಉಬುಂಟು 20.04ರಲ್ಲಿರುವುದು ಸರಿಯಾಗಿ 3.8! ಹಳೆಯದೂ ಇಲ್ಲ, ಹೊಸದೂ ಇಲ್ಲ. ಆದ್ದರಿಂದ ಹೊಸ ಫಂಕ್ಷನ್ ಇದ್ದರೆ ಅದನ್ನೇ ಕರೆದೆ. ಇಲ್ಲದಿದ್ದರೆ ಡಿಸ್ಟ್ರೋದ ವಿವರವಿರುವ, ಇಟಿಸಿ ಫೋಲ್ಡರಿನ ‘ಓಎಸ್-ರಿಲೀಸ್’ ಫೈಲನ್ನು ನಾನೇ ಓದಿದೆ. ಅದೂ ಸಿಗದಿದ್ದರೆ ಯುಎಸ್‌ಆರ್ ಒಳಗಿನ ಲಿಬ್‌ನಲ್ಲಿ ಅದೇ ಹೆಸರಿನ ಫೈಲಿರುತ್ತದೆ.

ಓದುವಾಗ ಎಡವುವುದು ಉದ್ಧರಣ ಚಿಹ್ನೆಗಳಲ್ಲಿ. ಡಿಸ್ಟ್ರೋದ ಹೆಸರು ಹೇಳುವ ‘ಐಡಿ’ ಸಾಲಿನಲ್ಲಿ ಉಬುಂಟು ಅವನ್ನು ಹಾಕುವುದಿಲ್ಲ, ರಾಕಿ ಹಾಕುತ್ತದೆ. ಸಮ ಚಿಹ್ನೆಯಲ್ಲಿ ಸಾಲು ಸೀಳಿ ಹಾಗೇ ಹೋಲಿಸಿದರೆ ಉಬುಂಟುವಿನಲ್ಲಿ ಸರಿಯಾಗಿ ನಡೆದದ್ದು ರಾಕಿಯಲ್ಲಿ ಸದ್ದಿಲ್ಲದೆ ಕೈಕೊಡುತ್ತದೆ. ಮೊದಲ ಸಮ ಚಿಹ್ನೆಯಲ್ಲಿ ಮಾತ್ರ ಸೀಳಿ, ಬಲಬದಿಯ ಬೆಲೆಯನ್ನು ಉದ್ಧರಣ ಚಿಹ್ನೆ ಬಿಡಿಸುವ ‘ಶ್‌ಲೆಕ್ಸ್.ಸ್ಪ್ಲಿಟ್’ಗೆ ಕೊಡಿ. ಬೆಲೆ ಖಾಲಿ ಇದ್ದರೆ ಅದು ಖಾಲಿ ಪಟ್ಟಿ ಕೊಡುತ್ತದೆ. ನೋಡದೆ ಮೊದಲ ಅಂಶ ಕೇಳಿದರೆ ಇಂಡೆಕ್ಸ್ ಎರರ್.

‘ಐಡಿ’ ಒಂದನ್ನೇ ನಂಬಬೇಡಿ. ಮಿಂಟ್‌ನಲ್ಲಿ ಅದು ‘ಲಿನಕ್ಸ್‌ಮಿಂಟ್’. ಉಬುಂಟು ಮೂಲದ್ದೋ ನೇರ ಡೆಬಿಯನ್ ಮೂಲದ್ದೋ ಎಂದು ಹೇಳುವುದು ‘ಐಡಿ_ಲೈಕ್’. ಅದರಲ್ಲಿ ಹಲವು ಹೆಸರುಗಳು ಖಾಲಿ ಜಾಗ ಬಿಟ್ಟು ಇರುತ್ತವೆ, ಒಡೆದು ಒಂದೊಂದನ್ನೂ ನೋಡಬೇಕು. ಡೆಬಿಯನ್‌ನಲ್ಲೇ ಆ ಸಾಲು ಇರುವುದಿಲ್ಲ, ಹಾಗಾಗಿ ಸಾಲಿಲ್ಲದಿದ್ದರೂ ಎರರ್ ಕೊಡದ ‘ಗೆಟ್’ ಬಳಸಿ.

ಡಿಸ್ಟ್ರೋದ ಆವೃತ್ತಿ ಹೇಳುವ ‘ವರ್ಷನ್_ಐಡಿ’ ಸಂಖ್ಯೆಯಲ್ಲ, ಪಠ್ಯ. ಫ್ಲೋಟ್ ಮಾಡಿದರೆ 22.10 ಹೋಗಿ 22.1 ಆಗುತ್ತದೆ, ಚುಕ್ಕೆಯಲ್ಲಿ ಒಡೆದು ಪೂರ್ಣಾಂಕಗಳಾಗಿ ಹೋಲಿಸಿದೆ. ಆರ್ಚ್‌ನಲ್ಲಿ ಸಾಮಾನ್ಯವಾಗಿ ಆ ಸಾಲೇ ಇರುವುದಿಲ್ಲ.

ಡೆಬಿಯನ್ ಬಳಗದಲ್ಲಿ ಪ್ಯಾಕೇಜ್ ಹಾಕುವ ಆಪ್ಟ್ ಕಮಾಂಡ್ ಇದೆಯೋ ನೋಡಿದರೆ ಸಾಲದೇ ಅನ್ನಬಹುದು. ಫೆಡೋರಾದಲ್ಲೂ ಆಪ್ಟ್ ಇನ್‌ಸ್ಟಾಲ್ ಮಾಡಿಕೊಳ್ಳಬಹುದು, ಅಲ್ಲಿ ಈ ಉಪಾಯ ಮೋಸ ಮಾಡುತ್ತದೆ. ಬಳಗ ಗೊತ್ತಾಗದ ಯಂತ್ರದಲ್ಲಿ ನನ್ನ ಸ್ಕ್ರಿಪ್ಟ್ ಡಿಸ್ಟ್ರೋದ ಪೂರ್ಣ ಹೆಸರಿರುವ ‘ಪ್ರೆಟಿ_ನೇಮ್’ ತೋರಿಸಿ ನಿಲ್ಲುತ್ತದೆ, ಏನನ್ನೂ ಹಾಕುವುದಿಲ್ಲ.